ಕಾಡು ನಮ್ಮದು, ಅರ್ಜಿ ಫಾರಂ ಯಾರದು?

ಕನ್ನಡದ ಯುವಕ ಯುವತಿಯರೇ,

ನೇತ್ರಾವತಿ ಹುಟ್ಟುವುದು ಎಲ್ಲಿ? ಕರ್ನಾಟಕದ ಘಟ್ಟದಲ್ಲಿ. ಕುದುರೆಮುಖದ ಶೋಲಾ ಕಾಡು ಎಲ್ಲಿದೆ? ಕರ್ನಾಟಕದಲ್ಲಿ. ಶರಾವತಿ ಕಣಿವೆಯಲ್ಲಿ ಸಿಂಗಳೀಕ ಕೂಗಿದರೆ ಯಾರಿಗೆ ಕೇಳಿಸುತ್ತದೆ? ಕನ್ನಡ ಮಾತಾಡುವ ಜನರಿಗೆ. ಆದರೆ ಈ ನದಿ, ಈ ಕಾಡು, ಈ ಕೋತಿಯನ್ನು ಉಳಿಸುವ ಕೆಲಸ ಕಲಿಯಲು ವಿದ್ಯಾರ್ಥಿಯೊಬ್ಬ ಹಾಕಬೇಕಾದ ಅರ್ಜಿ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ! ಇದು ಯಾವ ನ್ಯಾಯ?

ನೀವು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ ಓದುತ್ತಿರುವವರು. ಅಂಗಡಿ ಬೋರ್ಡಿನಲ್ಲಿ ಕನ್ನಡ ಇರಲೇಬೇಕು ಎಂದು ಬೀದಿಗಿಳಿದವರು. ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೂ ಆಯಿತು. ಸಂತೋಷ. ಆದರೆ ಬೋರ್ಡಿನ ಕೆಳಗೆ, ಬಾಗಿಲಿನ ಒಳಗೆ, ಮೇಜಿನ ಮೇಲಿರುವ ಅರ್ಜಿ ಫಾರಂನಲ್ಲಿ ಕನ್ನಡ ಎಷ್ಟು? ಸೊನ್ನೆ! ಹೊರಗೆ ಶೇ. 60 ಬರೆಸಿ ಒಳಗೆ ನಮ್ಮನ್ನು ಸೊನ್ನೆ ಮಾಡಿದರೆ ಅದನ್ನು ಗೆಲುವು ಎನ್ನಬೇಕೇ?

ಇಂಟರ್ನ್‌ಶಿಪ್ ಎಂದರೆ ಏನೆಂದು ನಿಮಗೆ ಗೊತ್ತು. ಓದುತ್ತಿರುವಾಗಲೇ ಕೆಲವು ತಿಂಗಳು ಕೆಲಸ ಕಲಿಯುವುದು. ಪರಿಸರ, ವನ್ಯಜೀವಿ ಸಂರಕ್ಷಣೆಯ ಕ್ಷೇತ್ರದಲ್ಲಿ ಮುಂದೆ ಕೆಲಸ ಸಿಗಬೇಕಾದರೆ ಇದೇ ಮೊದಲ ಮೆಟ್ಟಿಲು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಸ್ಟೈಪೆಂಡ್ ಕೊಡುತ್ತಾರೆ. ಇನ್ನೊಂದರಲ್ಲಿ ‘ಅನುಭವವೇ ಸಂಬಳ’ ಎನ್ನುತ್ತಾರೆ. ಕೆಲವು ಕಡೆ ಊಟ ವಸತಿಗೆ ವಿದ್ಯಾರ್ಥಿಯೇ ಹಣ ಕಟ್ಟಬೇಕು. ಬೀಡಿ ಕಟ್ಟಿ ಮಗನನ್ನು ಓದಿಸುವ ಬಂಟ್ವಾಳದ ತಾಯಿ ಎಲ್ಲಿಂದ ಕಟ್ಟುತ್ತಾಳೆ ಮಾರಾಯ್ರೆ? ಸಂಬಳವಿಲ್ಲದ ಇಂಟರ್ನ್‌ಶಿಪ್ ಶ್ರೀಮಂತರ ಮಕ್ಕಳಿಗೆ ಮಾತ್ರ. ಸಂಬಳವಿರುವುದು ಇಂಗ್ಲಿಷಿನ ಮಕ್ಕಳಿಗೆ ಮಾತ್ರ. ಉಳಿದವರಿಗೆ ಏನು?

ಉಳಿದವರಿಗೆ ದಿನಗೂಲಿ!

ಹೌದು. ಸಂಶೋಧಕರು ಕಾಡಿಗೆ ಬರುತ್ತಾರೆ. ದಾರಿ ತೋರಿಸಲು ಊರಿನ ಹುಡುಗ ಬೇಕು. ಕಾಟಿಯ ಹೆಜ್ಜೆ ಯಾವುದು, ಕಡವೆಯ ಹೆಜ್ಜೆ ಯಾವುದು ಎಂದು ಹೇಳಲು ಅವನೇ ಬೇಕು. ಆನೆ ತೋಟಕ್ಕೆ ನುಗ್ಗಿದ ಮನೆಯ ಯಜಮಾನನ ಜೊತೆ ಮಾತಾಡಲು, ಮಲೆಕುಡಿಯರ ಅಜ್ಜನಿಂದ ಮರದ ಹೆಸರು ಕೇಳಿ ಬರೆಸಲು ಅವನೇ ಬೇಕು. ಅವನಿಗೆ ಸಿಗುವುದು ಕೂಲಿ, ವರದಿಯ ಕೊನೆಯ ಪುಟದಲ್ಲಿ ಒಂದು ಸಾಲಿನ ಧನ್ಯವಾದ. ಅವನು ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸಿದವರಿಗೆ ಸ್ಟೈಪೆಂಡ್, ಸರ್ಟಿಫಿಕೇಟ್, ಮುಂದಿನ ಕೆಲಸ. ಹೊರಗಿನಿಂದ ಬಂದ ವಿದ್ಯಾರ್ಥಿಗಳ ಮೇಲೆ ನನಗೆ ದ್ವೇಷವಿಲ್ಲ. ಕಾಡನ್ನು ಪ್ರೀತಿಸಿ ಬಂದವರು ಬರಲಿ. ಆದರೆ ತಿಳಿದವನು ಕೂಲಿಯಾಗಿ, ಕೇಳಿ ಬರೆದುಕೊಂಡವನು ವಿಜ್ಞಾನಿಯಾಗುವ ಈ ಏರ್ಪಾಡಿನ ಮೇಲೆ ನನಗೆ ಸಿಟ್ಟಿದೆ.

ನಾನು ನರಿಕೊಂಬಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಮದುವೆ ಕಾಗದ, ರಸೀದಿ ಪುಸ್ತಕದ ಜೊತೆಗೆ ಹುಡುಗ ಹುಡುಗಿಯರ ಬಯೋಡಾಟಾ ಟೈಪ್ ಮಾಡಿಕೊಡುವುದೂ ನನ್ನ ಕೆಲಸ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಅಷ್ಟಿಷ್ಟು ಇಂಗ್ಲಿಷ್ ಕಲಿತ ಮಕ್ಕಳು. ನಾನು ಕಂಡ ಇಂಟರ್ನ್‌ಶಿಪ್ ಅರ್ಜಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ನಿರರ್ಗಳ ಇಂಗ್ಲಿಷ್ ಕಡ್ಡಾಯ. ಸ್ಥಳೀಯ ಭಾಷೆ ಬಂದರೆ ಒಳ್ಳೆಯದು! ಆಹಾ, ಎಂಥ ಔದಾರ್ಯ! ಕೆಲಸ ಮಾಡುವ ಊರಿನ ಭಾಷೆ ಉಪ್ಪಿನಕಾಯಿ, ಊರಿಗೆ ತಿಳಿಯದ ಭಾಷೆ ಊಟ.

ಆ ಫಾರಂನಲ್ಲಿ ‘ಹಿಂದಿನ ಅನುಭವ’ ಎಂಬ ಕಾಲಂ ಇರುತ್ತದೆ. ನಮ್ಮ ಮಕ್ಕಳು ಅದನ್ನು ಖಾಲಿ ಬಿಡುತ್ತಾರೆ. ಹೊಳೆಯಲ್ಲಿ ಯಾವ ತಿಂಗಳು ಯಾವ ಮೀನು ಏರುತ್ತದೆಂದು ಗೊತ್ತಿರುವವನು ಖಾಲಿ ಬಿಡುತ್ತಾನೆ. ಮಂಗಟ್ಟೆ ಹಕ್ಕಿ ಯಾವ ಮರದ ಹಣ್ಣಿಗೆ ಬರುತ್ತದೆಂದು ಗೊತ್ತಿರುವವಳು ಖಾಲಿ ಬಿಡುತ್ತಾಳೆ. ನಾಗಬನದ ಒಂದು ಕೊಂಬೆಯನ್ನೂ ಕಡಿಯದ ಊರಿನಲ್ಲಿ ಬೆಳೆದವರಿಗೆ ‘ಸಂರಕ್ಷಣೆಯ ಅನುಭವ’ ಇಲ್ಲವಂತೆ! ಅನುಭವ ಇಲ್ಲದ್ದಲ್ಲ, ಅದನ್ನು ಬರೆಯಲು ಅವರ ಭಾಷೆಗೆ ಅಲ್ಲಿ ಜಾಗ ಇಲ್ಲದ್ದು.

ಇನ್ನೂ ಮೇಲೆ ಹೋಗಿ ನೋಡಿ. ಐಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅದೇ ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಮುಖ್ಯ ಪರೀಕ್ಷೆಯನ್ನು? ಇಂಗ್ಲಿಷಿನಲ್ಲಿ ಮಾತ್ರ! ಜಿಲ್ಲೆ ಆಳಲು ಕನ್ನಡ ಸಾಕು, ಕಾಡು ಕಾಯಲು ಸಾಲದು ಎಂದರೆ ಏನರ್ಥ? ಇನ್ನು 2020ರ ಕಥೆ ನೆನಪಿಸಿಕೊಳ್ಳಿ. ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ನಿಯಮವನ್ನು ಕೇಂದ್ರ ಸರ್ಕಾರ ಇಂಗ್ಲಿಷ್, ಹಿಂದಿಯಲ್ಲಿ ಹೊರಡಿಸಿ, ಇಡೀ ದೇಶ ಆಕ್ಷೇಪಣೆ ಸಲ್ಲಿಸಲಿ ಎಂದಿತು. ಓದಲು ಬಾರದ ಕಾಗದಕ್ಕೆ ಆಕ್ಷೇಪಣೆ ಹೇಗೆ? ಆ ವರ್ಷ ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅದನ್ನು ಅನುವಾದಿಸಬೇಕು ಎಂದು ಆದೇಶಿಸಬೇಕಾಯಿತು. 2011ರಲ್ಲಿ ಸಲ್ಲಿಕೆಯಾದ ಗಾಡ್ಗೀಳ್ ಸಮಿತಿಯ ಪಶ್ಚಿಮ ಘಟ್ಟ ವರದಿಯೂ ಇಂಗ್ಲಿಷಿನಲ್ಲೇ ಇತ್ತು. ಘಟ್ಟದ ಬುಡದ ಊರುಗಳಿಗೆ ಮೊದಲು ಬಂದದ್ದು ವರದಿಯಲ್ಲ, ವದಂತಿ. ಜನರ ಭಾಷೆಯನ್ನು ಬಿಟ್ಟು ಕಾಡು ಉಳಿಸಹೊರಟರೆ ಜನ ಕಾಡಿನ ವಿರೋಧಿಗಳಾಗುತ್ತಾರೆ. ಹಾಗಾಗಿ ಇದು ಕಾಡಿನ ಪ್ರಶ್ನೆಯೂ ಹೌದು.

‘ವಿಜ್ಞಾನಕ್ಕೆ ಕನ್ನಡ ಸಾಲದು’ ಎಂಬ ಹಳೆಯ ರಾಗ ಮತ್ತೆ ಕೇಳಿಬರುತ್ತದೆ. ಸಾಲದೇ? ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಕಾಡು ಸುತ್ತಿದ್ದನ್ನು ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ವಿನಲ್ಲಿ ಬರೆದದ್ದು ಯಾವ ಭಾಷೆಯಲ್ಲಿ? 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಪಕ್ಕದ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ವಿಜ್ಞಾನವನ್ನು ಕನ್ನಡದ ಮನೆಮನೆಗೆ ಸಂಪುಟಗಳಲ್ಲಿ ಕೊಟ್ಟರು. ತೇಜಸ್ವಿ ಕನ್ನಡ ನಾಡಿನ ಹಕ್ಕಿಗಳ ಬಗ್ಗೆ ಕನ್ನಡದಲ್ಲೇ ಬರೆದರು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರ ತಬ್ಬಿ ನಿಂತಾಗ ಆ ಚಳವಳಿಯ ಹೆಸರೇ ಕನ್ನಡದ್ದು: ಅಪ್ಪಿಕೋ! ಕೊನೆಯ ಸಂಶೋಧನಾ ಪ್ರಬಂಧ ಇಂಗ್ಲಿಷಿನಲ್ಲಿರಲಿ, ಬೇಡ ಎನ್ನುವುದಿಲ್ಲ. ಆದರೆ ಹೆಜ್ಜೆ ಗುರುತು ಎಣಿಸುವ, ಬೀಜ ಸಂಗ್ರಹಿಸುವ, ರೈತರನ್ನು ಮಾತಾಡಿಸುವ ಹುಡುಗನನ್ನು ಆಯಲು ಇಂಗ್ಲಿಷ್ ಪ್ರಬಂಧ ಏಕೆ?

ಆಗುವುದಿಲ್ಲ ಎಂದವರು ಮೊದಲೂ ಇದ್ದರು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಬರೀ ಹಿಂದಿ, ಇಂಗ್ಲಿಷಿನಲ್ಲಿತ್ತು. ರಾಜ್ಯಗಳು ಕೂಗೆಬ್ಬಿಸಿದವು. 2024ರಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ದೇಶದ ಮೂಲೆಮೂಲೆಯಲ್ಲಿ ಲಕ್ಷಾಂತರ ಜನರ ಪರೀಕ್ಷೆಗೆ ಸಾಧ್ಯವಾದದ್ದು ಹತ್ತು ಜನರನ್ನು ಆಯುವ ಇಂಟರ್ನ್‌ಶಿಪ್‌ಗೆ ಅಸಾಧ್ಯವೇ? ಮನಸ್ಸಿಲ್ಲ, ಅಷ್ಟೇ!

ಹಾಗಾದರೆ ಮಾಡಬೇಕಾದ್ದೇನು? ಘೋಷಣೆ ಕೂಗಿ ಮನೆಗೆ ಹೋಗುವುದಲ್ಲ.

1. ಅರ್ಜಿ ಹಾಕಿ. ಇಂಗ್ಲಿಷ್ ಸಾಲದೆಂದು ಹಿಂಜರಿಯಬೇಡಿ. ಅನುಭವದ ಕಾಲಂ ಖಾಲಿ ಬಿಡಬೇಡಿ. ಕಂಡದ್ದು, ಎಣಿಸಿದ್ದು, ಬೆಳೆಸಿದ್ದನ್ನು ಊರು, ತಿಂಗಳ ಸಮೇತ ಬರೆಯಿರಿ. ಕನ್ನಡ, ತುಳು ಬರುತ್ತದೆ ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಿ. ಇಂಗ್ಲಿಷ್ ಚೆನ್ನಾಗಿ ಬರುವ ನಗರದ ಗೆಳೆಯರೇ, ಊರಿನ ಒಬ್ಬ ವಿದ್ಯಾರ್ಥಿಯ ಅರ್ಜಿ ತುಂಬಿಸಿಕೊಡಿ. ಅದೂ ಕನ್ನಡದ ಕೆಲಸವೇ.

2. ಸ್ಟೈಪೆಂಡ್ ಎಷ್ಟು, ಊಟ ವಸತಿ ಯಾರದು, ಕಾಡಿನಲ್ಲಿ ಅಪಘಾತವಾದರೆ ಹೊಣೆ ಯಾರದು ಎಂದು ಲಿಖಿತದಲ್ಲಿ ಕೇಳಿ. ಕೇಳುವುದು ನಾಚಿಕೆಯಲ್ಲ.

3. ಸರ್ಕಾರಿ ಸಂಸ್ಥೆಯಾದರೆ ಕನ್ನಡದಲ್ಲೇ ದೂರು ಕೊಡಿ. ಕೇಂದ್ರದ ಅಧಿಕಾರಿಗೆ ದೇಶದಲ್ಲಿ ಬಳಕೆಯಲ್ಲಿರುವ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

4. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಬರೆದು 10 ರೂಪಾಯಿ ಕಟ್ಟಿ. ಕಳೆದ ಐದು ವರ್ಷ ಎಷ್ಟು ಇಂಟರ್ನ್‌ಗಳನ್ನು ತೆಗೆದುಕೊಂಡಿರಿ? ಕರ್ನಾಟಕದವರು ಎಷ್ಟು? ಎಷ್ಟು ಮಂದಿಗೆ ಹಣ ಕೊಟ್ಟಿರಿ? 30 ದಿನದಲ್ಲಿ ಉತ್ತರ ಕೊಡಬೇಕು.

5. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ನಾಟಿ ತಳಿಗಳ ದಾಖಲೆ ಇರಬೇಕು. ಅದನ್ನು ತುಂಬುವ, ಪ್ರತಿವರ್ಷ ತಿದ್ದುವ ಕೆಲಸವನ್ನು ಊರಿನ ಕಾಲೇಜು ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಕೊಟ್ಟು ಕನ್ನಡದಲ್ಲೇ ಮಾಡಿಸಲಿ ಎಂದು ರಾಜ್ಯ ಸರ್ಕಾರವನ್ನು ಒತ್ತಾಯಿಸಿ. ಇದಕ್ಕಿಂತ ಒಳ್ಳೆಯ ಇಂಟರ್ನ್‌ಶಿಪ್ ಎಲ್ಲಿದೆ?

ನೆಲ, ಜಲ, ಭಾಷೆ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆ ನೆಲದ ಮರ, ಆ ಜಲದ ಮೀನು ಎಣಿಸುವ ಪುಸ್ತಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಮಾತು ಬಾಯಿಮಾತು. ಈ ವರ್ಷದ ಅರ್ಜಿಗಳ ಕಾಲ ಬಂದಾಗ ಬಾಗಿಲಿಗೆ ಹೋಗಿ ನಿಲ್ಲಿ. ‘ಕನ್ನಡದ ಫಾರಂ ಕೊಡಿ’ ಎಂದು ಕೇಳಿ. ಇಲ್ಲ ಎಂದರೆ ಇಲ್ಲ ಎಂದು ಬರೆದು ಕೊಡಲು ಹೇಳಿ. ಆ ಕಾಗದವನ್ನು ಇದೇ ಪತ್ರಿಕೆಗೆ ಕಳಿಸಿ. ಅಚ್ಚು ಹಾಕುವ ಕೆಲಸ ನಮ್ಮದು!