ಹಳೆಯ ತಂತಿಗೆ ಹೊಸ ಸ್ವಿಚ್ಚು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಜಡೆ ಒಂದು ಹೋಬಳಿ ಕೇಂದ್ರ. ಇಂತಹ ಊರಿನ ಕಚೇರಿಗೆ ಪಹಣಿಗಾಗಿಯೋ ಆದಾಯದ ಪ್ರಮಾಣಪತ್ರಕ್ಕಾಗಿಯೋ ಬರುವ ರೈತನು ಒಂದು ದಿನದ ಕೆಲಸವನ್ನು ಬಿಟ್ಟು ಬಂದಿರುತ್ತಾನೆ. 'ಈ ಹೊತ್ತು ನೆಟ್ ಇಲ್ಲ, ನಾಳೆ ಬಾ' ಎಂಬ ಮಾತಿನ ಬೆಲೆಯನ್ನು ತೆರುವವನು ಅವನೇ. 'ಭೂಮಿ' ಯೋಜನೆಯಿಂದಾಗಿ ಕೈಬರಹದ ಪಹಣಿಗಳು 2000ದ ಸುಮಾರಿಗೆ ಗಣಕಯಂತ್ರವನ್ನು ಸೇರಿದಂದಿನಿಂದ, ಗೋಡೆಯ ಮೇಲಿನ ತಂತಿಯೂ ದಫ್ತರದಷ್ಟೇ ಮುಖ್ಯವಾಗಿದೆ.

ಸಂಪರ್ಕ ಕೆಟ್ಟಾಗ ಎರಡು ಸಲಹೆಗಳು ಕೇಳಿಬರುತ್ತವೆ: ಹಳೆಯ ತಂತಿಯನ್ನೆಲ್ಲ ಕಿತ್ತೆಸೆಯಿರಿ, ಇಲ್ಲವೆ ಅತಿ ವೇಗದ ಸ್ವಿಚ್ಚನ್ನು ತನ್ನಿರಿ. ಎರಡೂ ನಮಗೆ ಒಪ್ಪಿಗೆಯಿಲ್ಲ.

ಈ ತಂತಿಯೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೊಸೆದುಕೊಂಡಿರುತ್ತವೆ. ಹೊಸೆಯುವ ಉಪಾಯವು ದೂರವಾಣಿಯ ಬೆಲ್ ಮಹಾಶಯನದು, ಕಾಲ 1881. ಹೊರಗಿನ ವಿದ್ಯುತ್ ಕ್ಷೋಭೆಯು ಎರಡೆಳೆಗಳ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ, ಅವುಗಳ ವ್ಯತ್ಯಾಸವನ್ನಷ್ಟೇ ಗ್ರಹಿಸುವ ಯಂತ್ರಕ್ಕೆ ಅದರ ಬಾಧೆ ತಟ್ಟದು. 1999ರಲ್ಲಿ ಸೆಕೆಂಡಿಗೆ 1000 ಮೆಗಾಬಿಟ್ ವೇಗದ ನಿಯಮವನ್ನು ರೂಪಿಸಿದವರು ಅಂದು ಕಟ್ಟಡಗಳಲ್ಲಿದ್ದ 'ಕ್ಯಾಟ್ 5' ತಂತಿಯನ್ನೇ ಕಣ್ಣಮುಂದಿಟ್ಟುಕೊಂಡಿದ್ದರು. 100 ಮೀಟರಿನವರೆಗೆ ಅದು ಸಾಕೆಂದರು. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆಯು ಇಟ್ಟುಕೊಂಡ ಗುರಿಯಾದರೋ 100 ಮೆಗಾಬಿಟ್. ಹೊರಗಿನಿಂದ ಬರುವುದೇ ಅಷ್ಟಾದಾಗ ಒಳಗಿನ ತಂತಿಯ ವಯಸ್ಸನ್ನು ಹಳಿಯುವುದೇಕೆ?

ದೋಷವಿರುವುದು ಸಾಮಾನ್ಯವಾಗಿ ತುದಿಗಳಲ್ಲಿ. ಮಳೆಗಾಲದ ತೇವದಿಂದ ಕಿಲುಬು ಹಿಡಿದ ಸಂಪರ್ಕಗಳು, ಇಲಿ ಕಡಿದ ಎಳೆಗಳು ಒಂದು ಕಡೆ. ಹಿಂದೆ ಯಾರೋ ಮಿತವ್ಯಯಿಗಳು ಎರಡು ಜೋಡಿಗಳನ್ನು ಗಣಕಕ್ಕೆ ಕೊಟ್ಟು ಉಳಿದೆರಡನ್ನು ದೂರವಾಣಿಗೆ ಬಳಸಿದ್ದುಂಟು, ಅದು ಇನ್ನೊಂದು ಕಡೆ. 100 ಮೆಗಾಬಿಟ್ಟಿಗೆ ಎರಡೇ ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ಇಲ್ಲಿಯೇ ಒಂದು ವಿಚಿತ್ರ. ಎರಡು ಯಂತ್ರಗಳು ವೇಗದ ಮಾತುಕತೆಯನ್ನು ನಡೆಸುವುದು ಮೊದಲ ಎರಡು ಜೋಡಿಗಳಲ್ಲಿ. ಅವು 1000ಕ್ಕೆ ಒಪ್ಪಿಬಿಡುತ್ತವೆ. ಆಮೇಲೆ ನೋಡಿದರೆ ಉಳಿದ ಜೋಡಿಗಳೇ ಇಲ್ಲ! ಕೆಲವು ಯಂತ್ರಗಳು ತಾವಾಗಿ ಕೆಳಗಿಳಿಯುತ್ತವೆ, ಕೆಲವು ಬಾಯಿ ಮುಚ್ಚುತ್ತವೆ. ಹೊಸ ಸ್ವಿಚ್ಚು ಬಂದ ದಿನವೇ ಕಚೇರಿ ನಿಂತುಹೋಗುವುದು ಹೀಗೆ.

ಆದುದರಿಂದ ಕೊಳ್ಳುವವರು ಪೆಟ್ಟಿಗೆಯ ಮೇಲಿನ ವೇಗದ ಅಂಕಿಗೆ ಮರುಳಾಗದೆ, ಪ್ರತಿಯೊಂದು ಕಿಂಡಿಯ ದೋಷಗಳ ಲೆಕ್ಕವನ್ನು ತೋರಿಸುವ, ಬೇಕಾದ ಕಿಂಡಿಯ ವೇಗಕ್ಕೆ ಮಿತಿ ಹಾಕಲು ಬಿಡುವ ಸ್ವಿಚ್ಚನ್ನು ಆರಿಸಬೇಕೆಂಬುದು ನಮ್ಮ ಅಭಿಪ್ರಾಯ. ಬೆಲೆ ತುಸು ಹೆಚ್ಚು, ನಿಜ. ಆದರೆ ಯಾವ ತಂತಿ ಕೆಟ್ಟಿದೆಯೆಂಬುದನ್ನು ಅದೇ ಹೇಳುತ್ತದೆ. ಆ ಒಂದನ್ನು ಬದಲಾಯಿಸಿದರಾಯಿತು. ಉಳಿದ ಹಣವನ್ನು ಒಳ್ಳೆಯ ಭೂಸಂಪರ್ಕಕ್ಕೆ ವಿನಿಯೋಗಿಸಲಿ. ಮುಂಗಾರಿಗೆ ಮುನ್ನಿನ ಸಿಡಿಲು ವೇಗವನ್ನು ನೋಡಿ ಹೊಡೆಯುವುದಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿಯನ್ನೆಳೆಯದೆ ಗಾಜಿನ ಎಳೆಯನ್ನು ಹಾಕಿದರೆ ಆ ದಾರಿಯಾಗಿ ಸಿಡಿಲಿನ ವಿದ್ಯುತ್ತು ಒಳಕ್ಕೆ ಹರಿಯಲಾರದು.

ಒಂದು ಜಾತಿಯ ತಂತಿಗೆ ಮಾತ್ರ ನಮ್ಮ ದಾಕ್ಷಿಣ್ಯವಿಲ್ಲ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ಕ್ಯಾಮರಾ ಮೊದಲಾದವುಗಳಿಗೆ ಅದರ ಮೂಲಕವೇ ವಿದ್ಯುತ್ತನ್ನು ಕಳುಹಿಸಿದರೆ ತಾಮ್ರಕ್ಕಿಂತ ಹೆಚ್ಚಾಗಿ ಬಿಸಿಯೇರುತ್ತದೆ. ಅದು ಹೊಸದಾಗಿದ್ದರೂ ಕಿತ್ತು ಹಾಕಬೇಕು.