ಪ್ರದೇಶಾಧ್ಯಯನದ ಪದವಿ: ಜ್ಞಾನದ ಬೆಲೆ, ಸಾಲದ ಹೊರೆ

ಮಗ ಇಂಜಿನಿಯರನಾಗುತ್ತಾನೆ, ಮಗಳು ನರ್ಸ್ ಆಗುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳಲ್ಲಿ, ‘ನಾನು ದಕ್ಷಿಣ ಏಷ್ಯಾ ಅಧ್ಯಯನ ಮಾಡುತ್ತೇನೆ’ ಎಂದು ಮಕ್ಕಳಲ್ಲೊಬ್ಬರು ನುಡಿದರೆ ಕ್ಷಣಕಾಲ ಮೌನ ಆವರಿಸುವುದು ಸಹಜ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೂ, ಮಕ್ಕಳನ್ನು ಅಲ್ಲಿಗೆ ಕಳುಹಿಸಬಯಸುವ ಇಲ್ಲಿನ ತಾಯ್ತಂದೆಯರಿಗೂ ಈ ಪ್ರಶ್ನೆ ಎದುರಾಗಬಹುದು: ಇಂಥ ಪದವಿಯಿಂದ ಜೀವನ ಸಾಗೀತೇ? ಅದಕ್ಕಾಗಿ ಮಾಡಿದ ಸಾಲ ತೀರೀತೇ?

ಒಂದು ಭೂಭಾಗದ ಭಾಷೆ, ಚರಿತ್ರೆ, ಧರ್ಮ, ರಾಜಕಾರಣಗಳನ್ನು ಒಟ್ಟಾಗಿ ಅಭ್ಯಸಿಸುವುದೇ ಪ್ರದೇಶಾಧ್ಯಯನ. 1957ರಲ್ಲಿ ಸೋವಿಯತ್ ರಷ್ಯವು ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿದ ಅಮೆರಿಕ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯ ಮೂಲಕ ವಿಜ್ಞಾನದೊಡನೆ ಪರಭಾಷೆಗಳ ಕಲಿಕೆಗೂ ಹಣ ಒದಗಿಸಿತು. ನಮ್ಮ ಹಿರಿಯರಿಗೆ ಗೋಧಿಯಿಂದಾಗಿ ಪರಿಚಿತವಾಗಿದ್ದ ಪಿ.ಎಲ್. 480 ಯೋಜನೆಯಡಿ ಭಾರತ ತೆತ್ತ ರೂಪಾಯಿಗಳ ಒಂದು ಭಾಗದಿಂದ, 1962ರಿಂದ ಭಾರತೀಯ ಭಾಷೆಗಳ ಗ್ರಂಥಗಳು ಅಲ್ಲಿನ ಗ್ರಂಥಾಲಯಗಳನ್ನು ಸೇರತೊಡಗಿದವು. ಎ.ಕೆ. ರಾಮಾನುಜನ್ ಅವರು ದಶಕಗಳ ಕಾಲ ಬೋಧಿಸುತ್ತಾ ವಚನಗಳನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದ್ದು ಷಿಕಾಗೋ ವಿಶ್ವವಿದ್ಯಾನಿಲಯದ ಇಂಥದೇ ವಿಭಾಗದಲ್ಲಿದ್ದುಕೊಂಡು. ಆದ್ದರಿಂದ ಈ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ.

ಆದರೆ ವಿದ್ಯೆಯ ಘನತೆ ಬೇರೆ, ಅದಕ್ಕೆ ದೊರೆಯುವ ವೇತನ ಬೇರೆ. ಅಮೆರಿಕ ಸರಕಾರದ ‘ಕಾಲೇಜ್ ಸ್ಕೋರ್‌ಕಾರ್ಡ್’ 2015ರಿಂದ ಕಾಲೇಜುವಾರು ಗಳಿಕೆಯನ್ನು ಪ್ರಕಟಿಸುತ್ತಿದ್ದು, ಆನಂತರ ವಿಷಯವಾರು ಗಳಿಕೆ ಹಾಗೂ ಸಾಲದ ವಿವರಗಳನ್ನೂ ಸೇರಿಸಿಕೊಂಡಿದೆ. ಪ್ರತಿ ಕುಟುಂಬವೂ ಇದನ್ನು ನೋಡಬೇಕು. ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಸರಕಾರದ ನೆರವು ಪಡೆದ ವಿದ್ಯಾರ್ಥಿಗಳ ಲೆಕ್ಕ ಮಾತ್ರ ಅದರಲ್ಲಿದೆ. ಪದವೀಧರರ ಸಂಖ್ಯೆ ತೀರಾ ಕಡಿಮೆಯಿರುವೆಡೆ ಅಂಕಿಗಳನ್ನು ಪ್ರಕಟಿಸುವುದಿಲ್ಲ. ಪ್ರದೇಶಾಧ್ಯಯನದ ತರಗತಿಗಳು ಬಹುಪಾಲು ಚಿಕ್ಕವೇ. ಅಂಕಿಯಿಲ್ಲವೆಂಬುದು ಭರವಸೆಗೂ ಆಧಾರವಲ್ಲ, ಭೀತಿಗೂ ಕಾರಣವಲ್ಲ.

ಗಳಿಕೆ ಅನಿಶ್ಚಿತ, ಸಾಲದ ಕಂತು ಮಾತ್ರ ನಿಶ್ಚಿತ. 30,000 ಡಾಲರ್ ಸಾಲವನ್ನು ಶೇಕಡಾ 6ರ ಬಡ್ಡಿಯಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 333 ಡಾಲರ್ ಕಟ್ಟಬೇಕು. ಸ್ನಾತಕೋತ್ತರ ಪದವಿಗೆಂದು ಶೇಕಡಾ 8ರ ಬಡ್ಡಿಯಲ್ಲಿ ಒಂದು ಲಕ್ಷ ಡಾಲರ್ ಪಡೆದವನ ಕಂತು 1,213 ಡಾಲರ್. ಮೊದಲನೆಯದು ಸಾಧಾರಣ ವೇತನದವನೂ ಹೊರಬಲ್ಲ ಭಾರ. ಎರಡನೆಯದು ಮದುವೆ, ಮನೆಗಳನ್ನೂ ಮುಂದೂಡಿಸುವ ಭಾರ. ದಿವಾಳಿಯೆಂದು ಘೋಷಿಸಿಕೊಂಡರೂ ಅಲ್ಲಿ ವಿದ್ಯಾಸಾಲ ಸುಲಭವಾಗಿ ಮನ್ನಾ ಆಗುವುದಿಲ್ಲ.

2025ರ ಜುಲೈಯಲ್ಲಿ ಅಂಗೀಕೃತವಾದ ಕಾಯಿದೆ ಈ ವಿಚಾರವನ್ನು ಇನ್ನಷ್ಟು ಗಂಭೀರವಾಗಿಸಿದೆ. ಅದರಂತೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಸ್ನಾತಕೋತ್ತರ ವಿದ್ಯಾರ್ಥಿಗೆ ಸರಕಾರದ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮೀರುವಂತಿಲ್ಲ; ವೈದ್ಯ, ಕಾನೂನುಗಳಂಥ ವೃತ್ತಿಪದವಿಗಳಿಗೆ ಮಿತಿ ಎರಡು ಲಕ್ಷ. ಪದವೀಧರರ ಗಳಿಕೆಯು ಹೈಸ್ಕೂಲು ಮಾತ್ರ ಮುಗಿಸಿದವರ ಗಳಿಕೆಯನ್ನು ಮೂರು ವರ್ಷಗಳಲ್ಲಿ ಎರಡು ಬಾರಿ ಮೀರದಿದ್ದರೆ ಆ ಪದವಿಗೆ ಸರಕಾರದ ಸಾಲವೇ ನಿಲ್ಲುವುದು. ಕೊರತೆ ತುಂಬಲು ಖಾಸಗಿ ಸಾಲಕ್ಕೆ ಹೋದರೆ ತಂದೆಯೋ ತಾಯಿಯೋ ಜಾಮೀನು ನಿಲ್ಲಬೇಕಾದೀತು.

ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗಂತೂ ಅಲ್ಲಿನ ಸರಕಾರದ ಸಾಲ ಲಭ್ಯವಿಲ್ಲ. ದೊಡ್ಡ ಮೊತ್ತಕ್ಕೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮನೆ, ಜಮೀನುಗಳನ್ನು ಅಡಮಾನ ಕೇಳುತ್ತವೆ. ಪದವಿಯ ನಂತರ ಅಲ್ಲಿ ದುಡಿಯಲು ಹನ್ನೆರಡು ತಿಂಗಳ ಅವಕಾಶವುಂಟು. ವಿಜ್ಞಾನ, ತಂತ್ರಜ್ಞಾನದ ಪದವೀಧರರಿಗೆ ಸಿಗುವ ಹೆಚ್ಚಿನ ಇಪ್ಪತ್ತನಾಲ್ಕು ತಿಂಗಳು ಈ ವಿಷಯದವರಿಗೆ ಸಿಗುವುದಿಲ್ಲ. ಹಿರಿಯರ ತೋಟವನ್ನು ಅಡವಿಡುವ ಮುನ್ನ ಇದನ್ನು ಯೋಚಿಸಲೇಬೇಕು.

ಹಾಗಾದರೆ ಮಗಳಿಗೆ ಬೇಡವೆನ್ನೋಣವೇ? ನಾವು ಹಾಗೆನ್ನುವುದಿಲ್ಲ. ಬೇಡವೆನ್ನಬೇಕಾದುದು ವಿಷಯವನ್ನಲ್ಲ, ದುಬಾರಿ ಸಾಲವನ್ನು. ಒಟ್ಟು ಸಾಲ ಮೊದಲ ವರ್ಷದ ನಿರೀಕ್ಷಿತ ವೇತನವನ್ನು ಮೀರದಿರಲಿ ಎಂಬುದು ಬಲ್ಲವರು ಹೇಳುವ ಸರಳ ಸೂತ್ರ. ಕಡಿಮೆ ಶುಲ್ಕದ ಸರಕಾರಿ ವಿಶ್ವವಿದ್ಯಾನಿಲಯ, ವಿದ್ಯಾರ್ಥಿವೇತನ, ಭಾಷೆಯೊಂದರಲ್ಲಿ ನಿಜವಾದ ಪ್ರಭುತ್ವ, ಜೊತೆಗೆ ಸಂಖ್ಯಾಶಾಸ್ತ್ರ, ಲೆಕ್ಕಪತ್ರ ಅಥವಾ ಸಾರ್ವಜನಿಕ ಆರೋಗ್ಯದಂಥ ಇನ್ನೊಂದು ವಿದ್ಯೆ: ಇವಿಷ್ಟಿದ್ದರೆ ದಾರಿ ಮುಚ್ಚಿಲ್ಲ. ಸರಕಾರಿ ಹುದ್ದೆಯಲ್ಲೋ ಲಾಭರಹಿತ ಸೇವಾಸಂಸ್ಥೆಯಲ್ಲೋ ದುಡಿಯುತ್ತಾ 120 ಕಂತು ಕಟ್ಟಿದವರ ಉಳಿದ ಸರಕಾರಿ ಸಾಲವನ್ನು ಮನ್ನಾ ಮಾಡುವ ಯೋಜನೆಯೂ 2007ರಿಂದ ಇದೆ. ಶುಲ್ಕ ಮನ್ನಾ, ನಿರ್ವಾಹವೇತನಗಳಿಲ್ಲದ ಸಂಶೋಧನ ಪದವಿಗೆ ಮಾತ್ರ ಸಾಲ ಮಾಡಿ ಸೇರದಿರುವುದೇ ಕ್ಷೇಮ.

ಆದುದರಿಂದ ತಾಯ್ತಂದೆಯರು ಗದರದೆ, ಮಕ್ಕಳು ಮುನಿಯದೆ, ಅರ್ಜಿ ಹಾಕುವ ಮೊದಲೇ ಒಂದು ಸಂಜೆ ಕಾಗದ, ಪೆನ್ನು ಹಿಡಿದು ಜೊತೆಗೆ ಕುಳಿತುಕೊಳ್ಳಲಿ. ಆ ಲೆಕ್ಕದಲ್ಲಿ ಕನಸಿಗೂ ಒಂದು ಸಾಲು ಇರಲಿ. ಕಂತಿಗೂ ಒಂದು ಸಾಲು ಇರಲಿ.