ರಕ್ತದ ಅಂಕಿಯೂ ರೋಗಿಯ ಆಯುಸ್ಸೂ

ಹನುಮಂತನಗರದ ನಮ್ಮ ಬೀದಿಯಲ್ಲಿ ಈಗ ಜಾತಕಕ್ಕಿಂತ ರಕ್ತಪರೀಕ್ಷೆಯ ವರದಿಗೆ ಮರ್ಯಾದೆ ಹೆಚ್ಚು. ಡೆಂಗ್ಯೂ ಬಂದ ಮನೆಗೆ ಹೋದರೆ ಮೊದಲು ಕೇಳುವುದು "ಪ್ಲೇಟ್‌ಲೆಟ್ ಎಷ್ಟು?" ಎಂದು, ಜ್ವರ ಹೇಗಿದೆ ಎಂಬುದು ಆಮೇಲಿನ ಮಾತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆ ಊರನ್ನೇ ಅಲ್ಲಾಡಿಸುತ್ತಿದ್ದಾಗ ಡಿ-ಡೈಮರ್, ಫೆರಿಟಿನ್, ಸಿ.ಆರ್.ಪಿ. ಎಂಬ ಹೆಸರುಗಳು ಕಾಂಪೌಂಡಿನ ಈಚೆಯಿಂದ ಆಚೆಗೆ ಕೈಸಾಲದ ಕಾಫಿಪುಡಿಯಂತೆ ದಾಟುತ್ತಿದ್ದವು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಸರ್ಕಾರದ ಅಂಕಿಅಂಶಗಳ ಇಲಾಖೆಯಲ್ಲಿ ಮೂವತ್ತು ವರ್ಷ ಕೂಡಿ ಕಳೆದು ಅನ್ನ ಉಂಡವನು ಅಂಕಿಯನ್ನು ಹಳಿದರೆ ಉಂಡ ಮನೆಗೆ ಎರಡು ಬಗೆದಂತಾದೀತು. ಆದರೂ ಕಳೆದ ಆಷಾಢದಲ್ಲಿ ಒಂದು ಆಸ್ಪತ್ರೆಯ ಐ.ಸಿ.ಯು. ಹೊರಗೆ ಹನ್ನೊಂದು ದಿನ ಕುಳಿತೆದ್ದು ಬಂದಮೇಲೆ, ಅಂಕಿ ತಾನಾಗಿ ಹೇಳುವುದೇನು, ನಾವು ಅದರ ಬಾಯಿಂದ ಹೇಳಿಸುವುದೇನು ಎಂಬ ವಿಷಯವಾಗಿ ನಾಲ್ಕು ಮಾತು ಬರೆಯದೆ ಇರಲಾರೆ.

ಒಳಗಿದ್ದವರು ನನ್ನ ಭಾವನವರು, ಎಪ್ಪತ್ತೊಂದು ವಯಸ್ಸು. ಮೂತ್ರದ ಸೋಂಕೆಂದು ಮೊದಲಾದದ್ದು ಎರಡೇ ದಿನಗಳಲ್ಲಿ ರಕ್ತಕ್ಕೇರಿ, ರಕ್ತದ ಒತ್ತಡ ಕುಸಿದು, ಅವರನ್ನು ಎಚ್ಚರದ ಅಂಚಿಗೆ ತಂದು ನಿಲ್ಲಿಸಿತ್ತು. ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ಮೊದಲ ರಾತ್ರಿ ತರುಣ ಡಾಕ್ಟರೊಬ್ಬರು ಹೊರಗೆ ಬಂದು, "ಲ್ಯಾಕ್ಟೇಟ್ ಐದೂವರೆ ಬಂದಿದೆ ಅಮ್ಮಾ, ಪ್ರೋಕ್ಯಾಲ್ಸಿಟೋನಿನ್ ಕೂಡ ತುಂಬಾ ಏರಿದೆ" ಎಂದರು. ಅಕ್ಕ ಜೀವಮಾನವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಅವಳ ಪ್ರಪಂಚದಲ್ಲಿ ಹತ್ತಕ್ಕೆ ಐದೂವರೆಯಾದರೆ ಪಾಸು, ನೂರಕ್ಕಾದರೆ ನಪಾಸು. "ಐದೂವರೆ ಎಂದರೆ ಎಷ್ಟಕ್ಕೆ?" ಎಂದು ಕೇಳಿದಳು. ಡಾಕ್ಟರು ತಬ್ಬಿಬ್ಬಾಗಿ, "ಎರಡರೊಳಗೆ ಇರಬೇಕಮ್ಮಾ" ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಆ ಐದೂವರೆ ರಾತ್ರಿಯೆಲ್ಲ ನಮ್ಮ ನಡುವೆ ಓಡಾಡಿತು. ಅಮೆರಿಕದಲ್ಲಿರುವ ಅಕ್ಕನ ಮಗ ಫೋನು ಮಾಡಿ, "ಮಾವ, ಇಂಥ ಸ್ಥಿತಿಯಲ್ಲಿ ನೂರಕ್ಕೆ ನಲವತ್ತು ಮಂದಿ ಹೋಗುತ್ತಾರಂತೆ. ನಾನು ಈಗಲೇ ಹೊರಡಲೋ, ಎರಡು ದಿನ ನೋಡಲೋ?" ಎಂದ. ಬಂಧುವೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ದಿನಕ್ಕಿಷ್ಟು ಸಾವಿರ ಸುರಿಯುವ ಬದಲು ಮನೆಗೆ ಕರೆದುಕೊಂಡು ಹೋಗುವುದೇ ಮೇಲಲ್ಲವೇ ಎಂದರು. ಒಂದು ತೊಟ್ಟು ರಕ್ತದ ಮೇಲೆ ವಿಮಾನದ ಟಿಕೆಟ್ಟು, ಮನೆಯ ಪತ್ರ, ಒಬ್ಬ ಮನುಷ್ಯನ ಉಸಿರು ಎಲ್ಲವೂ ತೂಗತೊಡಗಿದವು.

ಇಷ್ಟಕ್ಕೂ ಈ ಲ್ಯಾಕ್ಟೇಟ್ ಎಂಬುದೇನು? ಹುಳಿಯಾದ ಹಾಲಿನಲ್ಲಿ ಷೀಲೆ ಎಂಬ ರಸಾಯನಜ್ಞನು 1780ರಲ್ಲಿ ಕಂಡುಹಿಡಿದ ಆಮ್ಲದ ಬಳಗದ್ದೇ ಅದು. ನಮ್ಮ ಮಜ್ಜಿಗೆಯ ಹುಳಿಗೂ ಅದೇ ಕಾರಣ. 1843ರಲ್ಲಿ ಜರ್ಮನಿಯ ಷೆರರ್ ಎಂಬ ವೈದ್ಯನು ಬಾಣಂತಿ ಜ್ವರದಿಂದ ಸತ್ತ ಹೆಂಗಸರ ರಕ್ತದಲ್ಲಿ ಇದನ್ನು ಕಂಡನು. ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪದಿದ್ದಾಗ ಅವು ಸಕ್ಕರೆಯನ್ನು ಅರೆಬರೆ ಉರಿಸಿ ಇದನ್ನು ಹೊರಹಾಕುತ್ತವೆ. 2016ರಲ್ಲಿ ಲೋಕದ ತಜ್ಞರು ಸೇರಿ ಬರೆದ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ದ್ರವ ಕೊಟ್ಟಮೇಲೂ ರಕ್ತದ ಒತ್ತಡ ನಿಲ್ಲಲು ಔಷಧಿ ಬೇಕಾಗಿ, ಲ್ಯಾಕ್ಟೇಟು ಎರಡನ್ನು ದಾಟಿದ್ದರೆ ಅದು ಸೆಪ್ಟಿಕ್ ಷಾಕ್; ಅಂಥವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಅಕ್ಕನ ಮಗ ಹೇಳಿದ ಲೆಕ್ಕ ಸುಳ್ಳಲ್ಲ. ಆದರೆ ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್‌ನಿಂದಲೂ ಈ ಅಂಕಿ ಏರುವುದುಂಟು. ಯಕೃತ್ತು ಸೋತರೂ ಏರುವುದುಂಟು. ಮೂತ್ರಪಿಂಡ ಕೆಟ್ಟಿರುವ ಸಕ್ಕರೆ ಕಾಯಿಲೆಯವರಲ್ಲಿ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಏರುವುದುಂಟು. ಪ್ರೋಕ್ಯಾಲ್ಸಿಟೋನಿನ್ನಿನ ಕಥೆಯೂ ಹೀಗೆಯೇ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಅದು ಏರುತ್ತದೆಂದು 1993ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಯ ಮೇಲೆ, ಸುಟ್ಟ ಗಾಯಗಳಲ್ಲಿ ಸೋಂಕಿಲ್ಲದೆಯೂ ಏರುತ್ತದೆ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇದನ್ನು ನೋಡಿ ಆ್ಯಂಟಿಬಯಾಟಿಕ್ ಆರಂಭಿಸುವುದು ಬೇಡವೆಂದೂ, ನಿಲ್ಲಿಸುವ ಹೊತ್ತಿಗೆ ರೋಗಿಯ ಸ್ಥಿತಿಯ ಜೊತೆಗೆ ಇದನ್ನೂ ನೋಡಬಹುದೆಂದೂ ಸಲಹೆ ಮಾಡುತ್ತದೆ.

ಇಲ್ಲಿ ನನ್ನ ಹಳೆಯ ಉದ್ಯೋಗದ ಒಂದು ಮಾತು ಹೇಳಬೇಕು. ಬೆಳೆ ಕಟಾವು ಪ್ರಯೋಗವೆಂದು ನಾವು ಮಾಡುತ್ತಿದ್ದೆವು. ತಾಲ್ಲೂಕಿನಲ್ಲಿ ಕೆಲವು ಹೊಲಗಳನ್ನು ಆರಿಸಿ, ಅಳತೆಯ ತುಂಡಿನಲ್ಲಿ ರಾಗಿ ಕೊಯ್ದು ತೂಗಿ, ಇಡೀ ತಾಲ್ಲೂಕಿನ ಇಳುವರಿ ಹೇಳುತ್ತಿದ್ದೆವು. ಆ ಲೆಕ್ಕ ಸಾಕಷ್ಟು ನಿಜವಾಗಿಯೇ ಬರುತ್ತಿತ್ತು. ಆದರೆ ಒಬ್ಬ ರೈತ ಬಂದು, "ಸ್ವಾಮಿ, ನನ್ನ ಹೊಲದಲ್ಲಿ ಎಷ್ಟಾಯಿತು?" ಎಂದು ಕೇಳಿದರೆ ಆ ಪುಸ್ತಕದಲ್ಲಿ ಉತ್ತರವಿರುತ್ತಿರಲಿಲ್ಲ. ನೂರಕ್ಕೆ ನಲವತ್ತು ಎಂಬುದು ನೂರು ಮಂದಿಯ ವಿಷಯ. ಭಾವನವರು ನಲವತ್ತರಲ್ಲೋ ಅರವತ್ತರಲ್ಲೋ ಎಂಬುದನ್ನು ಐದೂವರೆ ಬಲ್ಲುದಿಲ್ಲ. ಅದು ಬಲ್ಲುದು, ಇವರನ್ನು ಕಣ್ಣು ಮಿಟುಕಿಸದೆ ನೋಡಿಕೊಳ್ಳಬೇಕು ಎಂಬುದನ್ನು. ಎರಡು ಗಂಟೆ ಬಿಟ್ಟು ಮತ್ತೆ ಅಳೆದಾಗ ಅದು ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದು ಮೊದಲ ಅಂಕಿಗಿಂತ ಬೆಲೆಯುಳ್ಳ ಸುದ್ದಿ.

ಅಂಕಿಯೊಂದೇ ಗುರುವಲ್ಲ ಎಂಬುದಕ್ಕೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ 424 ಸೆಪ್ಟಿಕ್ ಷಾಕ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲ್ಯಾಕ್ಟೇಟು ನೋಡಿ ಚಿಕಿತ್ಸೆ. ಇನ್ನೊಂದಕ್ಕೆ ಬೆರಳ ತುದಿಯನ್ನು ಗಾಜಿನ ಪಟ್ಟಿಯಿಂದ ಹತ್ತು ಸೆಕೆಂಡು ಒತ್ತಿ ಬಿಟ್ಟು, ಕೆಂಪು ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ನೋಡಿ ಚಿಕಿತ್ಸೆ. ಇಪ್ಪತ್ತೆಂಟು ದಿನಗಳಲ್ಲಿ ಬೆರಳು ನೋಡಿದ ಗುಂಪಿನಲ್ಲಿ ನೂರಕ್ಕೆ 34.9, ಲ್ಯಾಕ್ಟೇಟಿನ ಗುಂಪಿನಲ್ಲಿ 43.4 ಮಂದಿ ಸತ್ತರು. ಈ ಅಂತರ ಕೇವಲ ಆಕಸ್ಮಿಕವೂ ಇದ್ದೀತು, ಖಚಿತವಾಗಿ ಗೆಲುವೆನ್ನುವಂತಿಲ್ಲ ಎಂದು ಪ್ರಯೋಗ ಮಾಡಿದವರೇ ಒಪ್ಪಿದರು. ಬೆರಳು ಒತ್ತಿ ನೋಡಿದರೆ ರೋಗಿಗೆ ನಷ್ಟವಾಗಲಿಲ್ಲ ಎಂಬಷ್ಟೇ ನನಗೆ ಸಾಕು. ರೋಗಿಯ ಕೈ ಹಿಡಿಯಲು ವೈದ್ಯನಿಗೆ ವಿಜ್ಞಾನವೇ ಒಂದು ನೆಪ ಕೊಟ್ಟಿತಲ್ಲ!

ಭಾವನವರ ಲ್ಯಾಕ್ಟೇಟು ಬೆಳಗಿನ ಹೊತ್ತಿಗೆ ನಾಲ್ಕಾಯಿತು. ಮರುದಿನ ಸಂಜೆಗೆ ಒಂದು ಪಾಯಿಂಟ್ ಎಂಟು. ಅಕ್ಕ ರಾಮಾಂಜನೇಯ ಗುಡ್ಡದ ಹನುಮಂತನಿಗೆ ವಡೆಹಾರ ಹೇಳಿಕೊಂಡಳು. ನಾನೂ ಗೆದ್ದೆವೆಂದೇ ತಿಳಿದೆ. ಆಮೇಲೆ ಮೂತ್ರಪಿಂಡಗಳು ಮುಷ್ಕರ ಹೂಡಿದವು, ಡಯಾಲಿಸಿಸ್ ಆಯಿತು. ಲ್ಯಾಕ್ಟೇಟು ದಿನವೂ ಚೊಕ್ಕಟವಾಗಿಯೇ ಬರುತ್ತಿತ್ತು, ಭಾವನವರು ಮಾತ್ರ ಅಕ್ಕನನ್ನು ನೋಡಿ "ನೀವು ಯಾರು?" ಎಂದರು.

ಹದಿನೇಳನೆಯ ದಿನ ಮನೆಗೆ ಬಂದರು. ಈ ವಿದ್ಯೆಯ ಅಧ್ಯಯನಗಳಲ್ಲಿ ಬಹುಪಾಲು ಒಂದು ಪ್ರಶ್ನೆಯನ್ನು ಕೇಳುತ್ತವೆ: ಇಪ್ಪತ್ತೆಂಟನೆಯ ದಿನ ರೋಗಿ ಬದುಕಿದ್ದಾನೆಯೇ? ನಾನು ಲೆಕ್ಕ ಇಟ್ಟುಕೊಂಡಿದ್ದೆ. ಇಪ್ಪತ್ತೆಂಟನೆಯ ದಿನ ಭಾವನವರು ಬದುಕಿದ್ದರು. ಯಾವುದೇ ಪುಸ್ತಕದಲ್ಲಿ ಅವರು ಗೆದ್ದವರ ಸಾಲಿನಲ್ಲಿ ಬರುತ್ತಾರೆ. ಆ ದಿನ ಅವರ ಕೈಯಲ್ಲಿ ಕಾಫಿಯ ಲೋಟ ನಿಲ್ಲಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಗೋಡೆಯ ಮೇಲೆ ನೀರು ಇಳಿಯುತ್ತಿದೆ ಎಂದು ಕೂಗಿದರು. ಐ.ಸಿ.ಯು.ದಿಂದ ಉಳಿದು ಬಂದವರಲ್ಲಿ ತಿಂಗಳುಗಟ್ಟಲೆ ಉಳಿಯುವ ಈ ನಿಶ್ಶಕ್ತಿಗೂ ಮರೆವಿಗೂ ಭಯಕ್ಕೂ ಸೇರಿ ಅಮೆರಿಕದ ವೈದ್ಯರು 2012ರಲ್ಲಿ ಒಂದು ಹೆಸರನ್ನೇ ಇಟ್ಟಿದ್ದಾರೆ. ಮೊದಲ ರಾತ್ರಿ ಇದರ ಸುಳಿವನ್ನು ಯಾರೂ ನಮಗೆ ಕೊಡಲಿಲ್ಲ. ಅಕ್ಕ ಕೇಳಿದ್ದು ಉಸಿರಾಡುವರೇ ಎಂದಲ್ಲ. ಮತ್ತೆ ಮನೆಯ ಯಜಮಾನರಾಗಿ ಜಗಲಿಯ ಮೇಲೆ ಕೂತು ಪತ್ರಿಕೆ ಓದುವರೇ ಎಂದು.

ಚರಕ ಸಂಹಿತೆಯ ಇಂದ್ರಿಯಸ್ಥಾನದ ಹನ್ನೆರಡು ಅಧ್ಯಾಯಗಳೂ ಸಾವಿನ ಮುನ್ಸೂಚನೆಗಳಿಗೇ ಮೀಸಲು. ಲಕ್ಷಣ ಕಂಡರೂ ಕೇಳದೆ ಹೇಳಬಾರದು, ಕೇಳಿದರೂ ಆಘಾತವಾಗುವಲ್ಲಿ ಹೇಳಬಾರದು ಎಂದು ಅದು ವೈದ್ಯನಿಗೆ ವಿಧಿಸುತ್ತದೆ. ನಾನು ಇದನ್ನು ಪೂರ್ತಿ ಒಪ್ಪುವವನಲ್ಲ. ಹೆಂಡತಿಯಿಂದ ಸತ್ಯ ಮುಚ್ಚಿಡುವುದು ಇಂದಿಗೆ ಸಲ್ಲದು. ಆದರೆ ಮುನ್ಸೂಚನೆಯನ್ನು ಅರಿಯುವುದು ಒಂದು ವಿದ್ಯೆ, ಅದನ್ನು ಹೇಳುವುದು ಇನ್ನೊಂದು ಎಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಇಂದು ಮೊದಲನೆಯದು ಯಂತ್ರದಿಂದ ನಿಮಿಷಗಳಲ್ಲಿ ಆಗುತ್ತದೆ, ಎರಡನೆಯದಕ್ಕೆ ಹೊತ್ತಿಲ್ಲ. ಬರಿಯ ಅಂಕಿಯನ್ನು ಕೊಟ್ಟು ಬಾಗಿಲು ಮುಚ್ಚುವುದನ್ನು ಸತ್ಯ ಹೇಳಿದಂತೆಂದು ನಾನು ಒಪ್ಪಲಾರೆ. ತರುಣ ಡಾಕ್ಟರನ್ನು ದೂರುವುದಿಲ್ಲ. ಒಳಗೆ ಎಷ್ಟೋ ಹಾಸಿಗೆ, ಹೊರಗೆ ಅಷ್ಟು ಮನೆಯವರು; ಅವರಿಗೂ ಅಂಕಿಯೊಂದು ಆಶ್ರಯ.

ಎರಡನೆಯ ದಿನ ಹಿರಿಯ ವೈದ್ಯೆಯೊಬ್ಬರು ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲೇ ಕುಳಿತರು. "ಇಂಥ ಕಾಯಿಲೆಯಲ್ಲಿ ತುಂಬಾ ಜನ ಹೋಗುತ್ತಾರೆ, ತುಂಬಾ ಜನ ಉಳಿಯುತ್ತಾರೆ. ನಿಮ್ಮ ಯಜಮಾನರ ವಿಷಯ ಈಗಲೇ ಹೇಳಲಾರೆ. ಒತ್ತಡದ ಔಷಧಿ ಇಳಿಸಲು ಆಗುತ್ತದೆಯೇ, ಮೂತ್ರ ಎಷ್ಟು ಬರುತ್ತದೆ, ನಾಳೆ ಹತ್ತು ಗಂಟೆಗೆ ನೋಡಿ ನಾನೇ ಬಂದು ಹೇಳುತ್ತೇನೆ" ಎಂದರು. ಹತ್ತು ಗಂಟೆಗೆ ಬಂದರು. ಆ ಮಾತಿನಲ್ಲಿ ಒಂದು ಅಂಕಿಯೂ ಇರಲಿಲ್ಲ. ಅಕ್ಕ ಆ ರಾತ್ರಿ ಎರಡು ಗಂಟೆ ಕಣ್ಣು ಮುಚ್ಚಿದಳು.

ಚಿಕಿತ್ಸೆ ನಿಲ್ಲಿಸುವ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದರ ಜಾರಿಗೆ ಆದೇಶ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ನೋಡಬೇಕು, ಹತ್ತಿರದವರು ಒಪ್ಪಬೇಕು. ರೋಗಿಯೇ ಮೊದಲು ಬರೆದಿಟ್ಟಿದ್ದರೆ ಅದಕ್ಕೆ ಮನ್ನಣೆ. ಭಾವನವರು ಬರೆದಿಟ್ಟಿರಲಿಲ್ಲ; ನಾವು ಕೇಳಿರಲೂ ಇಲ್ಲ. ಇಂಥ ಮಾತು ಮನೆಯಲ್ಲಿ ಆಡಿದರೆ ಅಶುಭವೆಂದು ಸುಮ್ಮನಿದ್ದು, ಕೊನೆಗೆ ಆ ತೀರ್ಮಾನವನ್ನು ಒಂದು ಐದೂವರೆಯ ತಲೆಗೆ ಕಟ್ಟಲು ಹೊರಟಿದ್ದೆವು.

ಈಗ ಅವರು ಕೋಲು ಹಿಡಿದು ಸಂಜೆ ಗುಡ್ಡದ ಬುಡದವರೆಗೆ ಬರುತ್ತಾರೆ. ಮೆಟ್ಟಿಲು ಹತ್ತುವುದಿಲ್ಲ, ಕೆಳಗೆ ಕಲ್ಲಿನ ಮೇಲೆ ಕೂತು, ಅಕ್ಕ ಹತ್ತಿ ಇಳಿದು ಬರುವುದನ್ನು ನೋಡುತ್ತಾರೆ. ಮೊನ್ನೆ ಮರುಪರೀಕ್ಷೆಗೆ ರಕ್ತ ಕೊಟ್ಟು ಬಂದರು. ವರದಿ ಅಕ್ಕನ ಫೋನಿಗೆ ಬಂದಿದೆ. ಮೊದಲು ಹೋಗಿ ಡಾಕ್ಟರನ್ನು ಕಂಡುಬರೋಣ ಎಂದು ಅವಳು ಅದನ್ನಿನ್ನೂ ತೆರೆದಿಲ್ಲ.